ಅಪ್ಪನ ಊಟ, ಗುಮಾಸ್ತನ ಕೆಲಸ: ನನ್ನ ಹೊಟ್ಟೆ ಇಳಿದ ಬಗೆ

ಮಂಡ್ಯದ ಎಪಿಎಂಸಿಯಲ್ಲಿ ಒಂದು ಬೆಲ್ಲದ ಮಂಡಿ. ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 19 ವರ್ಷ ಆಯಿತು. ಬೆಳಗ್ಗೆ ಒಂಬತ್ತಕ್ಕೆ ಕೂತರೆ ಊಟಕ್ಕೆ ಏಳುತ್ತೇನೆ, ಮತ್ತೆ ಕೂತರೆ ಸಂಜೆಯೇ. ಎರಡು ವರ್ಷದ ಹಿಂದೆ, 44ನೇ ವಯಸ್ಸಿನಲ್ಲಿ, ನನ್ನ ತೂಕ 84 ಕೆಜಿ ಇತ್ತು. ಎತ್ತರ 170 ಸೆಂಟಿಮೀಟರ್. ಕೈಕಾಲು ಸಣ್ಣವೇ, ಬಂದ ತೂಕವೆಲ್ಲ ಹೊಟ್ಟೆಗೆ ಬಂದಿತ್ತು.

ಮೊಣಕಾಲು ನೋವು ಅಂತ ಡಾಕ್ಟರ ಹತ್ತಿರ ಹೋದೆ. ಅವರು ಕಾಲು ನೋಡುವ ಮೊದಲು ಟೇಪು ತೆಗೆದರು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆದರು. 102 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು, ಹೆಂಗಸರಿಗೆ 80 ಅಂದರು. ರಕ್ತ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 6.1 ಬಂತು. ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲು. ಕೈಗೆ ಸಿಗುವ ಚರ್ಮದ ಕೆಳಗಿನ ಕೊಬ್ಬಿಗಿಂತ ಒಳಗೆ ಯಕೃತ್ತು, ಕರುಳಿನ ಸುತ್ತ ಕೂತ ಕೊಬ್ಬು ಜಾಸ್ತಿ ಕೆಟ್ಟದ್ದು ಅಂತ ಅವರು ಬಿಡಿಸಿ ಹೇಳಿದರು.

ನಾನು ಕೇಳಿದೆ: "ಸಾರ್, ನಮ್ಮಪ್ಪನಿಗೆ 74. ಈಗಲೂ ಹೊತ್ತಿಗೆ ಎರಡು ಮುದ್ದೆ ಉಣ್ಣುತ್ತಾರೆ. ಅವರಿಗೆ ಹೊಟ್ಟೆಯೇ ಇಲ್ಲವಲ್ಲ?"

"ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಅಂದರು.

ಅಪ್ಪ ಬೆಳಗ್ಗೆ ಆರಕ್ಕೆ ಗದ್ದೆಗೆ ಇಳಿಯುವವರು. ನೀರು ಕಟ್ಟುತ್ತಾರೆ, ಕಬ್ಬಿನ ಸೋಗೆ ತೆಗೆಯುತ್ತಾರೆ, ಹಸುವಿಗೆ ಹುಲ್ಲು ಹೊರುತ್ತಾರೆ. ನಾನು ಅದೇ ಮನೆಯಲ್ಲಿ, ಅದೇ ತಟ್ಟೆಯಲ್ಲಿ, ಅಷ್ಟೇ ಉಂಡು ಕುರ್ಚಿಯ ಮೇಲೆ ಕೂರುತ್ತಿದ್ದೆ. ಊಟ ಅಪ್ಪನದು, ಕೆಲಸ ಗುಮಾಸ್ತನದು. ಇದು ನನಗೆ ಹೊಳೆದದ್ದು ಅವತ್ತು. ಆದರೂ ಸರಿದಾರಿಗೆ ಬರೋಕೆ ಇನ್ನೂ ಎರಡು ತಿಂಗಳು ಬೇಕಾಯಿತು.

ಆ ಎರಡು ತಿಂಗಳು ನಾನು ಮಾಡಿದ್ದು ಎರಡು ಕೆಲಸ. ಹೊಟ್ಟೆಗೆ ಕಟ್ಟಿಕೊಳ್ಳುವ ಬೆವರಿನ ಬೆಲ್ಟ್ ಒಂದನ್ನು ದುಡ್ಡು ಕೊಟ್ಟು ತರಿಸಿದೆ. ದಿನಾ ಮಲಗಿ ಏಳುವ ವ್ಯಾಯಾಮ ನೂರು ಸಲ ಮಾಡಿದೆ. ಬೆಲ್ಟಿನಿಂದ ಇಳಿದದ್ದು ಬೆವರು, ಒಂದು ಚೊಂಬು ನೀರು ಕುಡಿದರೆ ವಾಪಸ್. ವ್ಯಾಯಾಮದಿಂದ ಕುತ್ತಿಗೆ ಹಿಡಿದುಕೊಂಡಿತು. ಟೇಪು 102ರಲ್ಲೇ ನಿಂತಿತ್ತು.

ನಮ್ಮ ದೊಡ್ಡಪ್ಪ ಹಳೇ ಪೈಲ್ವಾನರು. ಹರೆಯದಲ್ಲಿ ಗರಡಿ ಮನೆಯಲ್ಲಿ ಬೆಳೆದವರು. ಜಗುಲಿ ಮೇಲೆ ನಾನು ಒದ್ದಾಡುವುದನ್ನು ನೋಡಿ ಹೇಳಿದರು: "ಅದೇನ್ಲಾ ಮಗ, ಹೊಟ್ಟೆ ಕರಗ್ಸಕೆ ಹೊಟ್ಟೆನೇ ಮಡಿಸ್ತಾ ಇದ್ದೀಯ? ಕಾಲಿಗೆ ಕೆಲ್ಸ ಕೊಡ್ಲಾ. ಬಸ್ಕಿ ಹೊಡಿ."

ಆಮೇಲೆ ಓದಿದಾಗ ತಿಳಿಯಿತು, ಅವರು ಹೇಳಿದ್ದು ಸರಿ. ಮಲಗಿ ಎದ್ದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಅಲ್ಲೇ ಇರುತ್ತದೆ. ಎಲ್ಲಿ ವ್ಯಾಯಾಮ ಮಾಡಿದೆವೋ ಅಲ್ಲಿಂದಲೇ ಕೊಬ್ಬು ಹೋಗುವುದಿಲ್ಲ. ಉಂಡದ್ದಕ್ಕಿಂತ ಖರ್ಚು ಜಾಸ್ತಿಯಾದಾಗ ಮೈ ತನ್ನ ಇಷ್ಟದ ಜಾಗದಿಂದ ತೆಗೆಯುತ್ತದೆ. ತೊಡೆ, ಪಿರ್ರೆ ಮೈಯ ದೊಡ್ಡ ಸ್ನಾಯುಗಳು. ಅವಕ್ಕೆ ಕೆಲಸ ಕೊಟ್ಟರೆ ಖರ್ಚೂ ಜಾಸ್ತಿ.

ಮೊಣಕಾಲು ನೋವಿತ್ತಲ್ಲ, ಅದಕ್ಕೆ ದೊಡ್ಡಪ್ಪ ಮೊದಲು ಕುರ್ಚಿ ಮುಂದೆ ನಿಲ್ಲಿಸಿ ಬಸ್ಕಿ ಕಲಿಸಿದರು. ಕುರ್ಚಿಗೆ ತಾಗಿ ಏಳುವುದು, ಹತ್ತು ಸಲ. ದಂಡವನ್ನು ನೆಲದ ಮೇಲಲ್ಲ, ಗೋಡೆಗೆ ಕೈಯಿಟ್ಟು. ವಾರಕ್ಕೆ ಮೂರು ದಿನ ಇಷ್ಟೇ. ನಾಲ್ಕು ತಿಂಗಳಿಗೆ ಕುರ್ಚಿ ಬಿಟ್ಟೆ. ಈಗ 20ರಂತೆ ಮೂರು ಸುತ್ತು ಬಸ್ಕಿ, ನೆಲದ ಮೇಲೆ 12 ದಂಡ, ಎರಡೂ ಕೈಯಲ್ಲಿ ನೀರು ತುಂಬಿದ ಐದು ಲೀಟರ್ ಕ್ಯಾನ್ ಹಿಡಿದು ಅಂಗಳದಲ್ಲಿ ಹತ್ತು ನಡಿಗೆ. ಎಲ್ಲ ಸೇರಿ ಅರ್ಧ ಗಂಟೆ. ಮೊಣಕಾಲು ನೋವು ಕಮ್ಮಿಯಾಯಿತು. ಅದಕ್ಕೆ ತೂಕ ಇಳಿದದ್ದೂ ಕಾರಣ ಇರಬೇಕು.

ಉಳಿದ ದಿನ ನಡಿಗೆ. ನಮ್ಮೂರಿನ ನಾಲೆ ಏರಿ ಮೇಲೆ, ಬೆಳಗಿನ ಜಾವ. ಮೊದಲು 20 ನಿಮಿಷ, ಆಮೇಲೆ 45. ಮೂರು ನಿಮಿಷ ಬಿರುಸು, ಎರಡು ನಿಮಿಷ ನಿಧಾನ. ಬಿರುಸಾಗಿ ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅದೇ ಅಳತೆ. ಮಂಡಿಯಲ್ಲೂ ಗಂಟೆಗೊಮ್ಮೆ ಎದ್ದು ತೂಕದ ಕಟ್ಟೆವರೆಗೆ ಹೋಗಿ ಬರುತ್ತೇನೆ.

ಆದರೆ ನಿಜ ಹೇಳಬೇಕು. ಹೊಟ್ಟೆ ಇಳಿಸಿದ್ದು ಜಾಸ್ತಿ ಊಟದ ಲೆಕ್ಕವೇ.

ಲೆಕ್ಕ ಬರೆಯುವವನಲ್ಲವಾ ನಾನು? ಒಂದು ಹಳೇ ಖಾತೆ ಪುಸ್ತಕದಲ್ಲಿ ಎರಡು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದೆ. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅಂದರೆ 60 ಗ್ರಾಂ, ಸುಮಾರು 240 ಕ್ಯಾಲೊರಿ. ಅದರ ಮೇಲೆ ಬೆಲ್ಲ. ಅಚ್ಚು, ಬಕೆಟ್, ಕುರಿಕಟ್ಟು, ಯಾವ ಮಾಲು ಬಂದರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವುದು ಮಂಡಿಯ ಅಭ್ಯಾಸ. ಒಂದು ದಿನ ಆ ಚೂರುಗಳನ್ನು ತಿನ್ನದೆ ಕಾಗದದ ಮೇಲೆ ಕೂಡಿಟ್ಟು ತೂಕ ಹಾಕಿದೆ. 45 ಗ್ರಾಂ!

ಮಂಡ್ಯದವನಾಗಿ ಇದನ್ನು ಬರೆಯೋಕೆ ಮನಸ್ಸಿಗೆ ಕಷ್ಟ. ಬೆಲ್ಲ ನಮ್ಮ ಅನ್ನ. ಆದರೆ ಸೊಂಟದ ಮಟ್ಟಿಗೆ ಬೆಲ್ಲವೂ ಸಕ್ಕರೆಯೂ ಒಂದೇ. ಕ್ಯಾಲೊರಿ ಹತ್ತಿರ ಹತ್ತಿರ ಅಷ್ಟೇ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇವೆ ನಿಜ, ಆದರೆ ಅದಕ್ಕೋಸ್ಕರ ಬೆಲ್ಲದ ಟೀ ಎಷ್ಟು ಕುಡಿದರೂ ಪರವಾಗಿಲ್ಲ ಅನ್ನುವುದು ತಪ್ಪು. ನಾನು ಟೀ ಎರಡಕ್ಕೆ ಇಳಿಸಿದೆ, ಒಂದೊಂದಕ್ಕೆ ಅರ್ಧ ಚಮಚ ಸಕ್ಕರೆ. ಮಾಲಿನ ರುಚಿ ನೋಡುವ ಕೆಲಸ ಬೇರೆಯವರಿಗೆ ಬಿಟ್ಟೆ. ಬೆಲ್ಲ ಈಗ ಹಬ್ಬದ ಒಬ್ಬಟ್ಟಿನಲ್ಲಿ ಮಾತ್ರ.

ಮುದ್ದೆ ಬಿಡಲಿಲ್ಲ. ಯಾಕೆ ಬಿಡಬೇಕು? ರಾಗಿಯಲ್ಲಿ ನಾರಿದೆ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದ ಅಂಶ ಇದೆ. ತಪ್ಪಿದ್ದದ್ದು ಗಾತ್ರದಲ್ಲಿ. ನಮ್ಮ ಮನೆಯ ಒಂದು ಮುದ್ದೆಗೆ ಬೀಳುವ ಹಿಟ್ಟು ತೂಗಿದೆ, 110 ಗ್ರಾಂ. ಅಂದರೆ 350 ಕ್ಯಾಲೊರಿಯ ಆಸುಪಾಸು. ಎರಡು ಮುದ್ದೆ, ಅದಾದ ಮೇಲೆ ಅನ್ನ, ಮಧ್ಯಾಹ್ನವೂ ರಾತ್ರಿಯೂ. ಈಗ ಹೊತ್ತಿಗೆ ಒಂದೇ ಮುದ್ದೆ, ಅದೂ ಮೊದಲಿನದರ ಮುಕ್ಕಾಲು. ಅನ್ನ ಮಧ್ಯಾಹ್ನ ಒಂದು ಸೌಟು, ರಾತ್ರಿ ಇಲ್ಲ.

ಹಸಿವಾಗಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವಾರ ಆಯಿತು. ಅದನ್ನು ನೀಗಿಸಿದ್ದು ಬಸ್ಸಾರು. ನಮ್ಮ ಕಡೆ ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು ಸಾರು ಮಾಡುತ್ತೇವೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಸಾರು ತಟ್ಟೆ ತುಂಬ, ಪಲ್ಯ ನಂಜಿಕೊಳ್ಳೋಕೆ ಒಂದು ಚೂರು, ಹೀಗಿತ್ತು ನಮ್ಮ ಊಟ. ನಾನು ಅದನ್ನು ತಿರುಗಿಸಿದೆ. ದೊಡ್ಡ ಬಟ್ಟಲು ತುಂಬ ಪಲ್ಯ ಮೊದಲು ಮುಗಿಸುತ್ತೇನೆ, ಆಮೇಲೆ ಮುದ್ದೆ ಮುರಿಯುತ್ತೇನೆ. ಹುರುಳಿ, ಅಲಸಂದೆ, ಹೆಸರು, ಕಾಲಕ್ಕೆ ತಕ್ಕಂತೆ ಅವರೆ. ಹುರುಳಿಯಲ್ಲಿ 100 ಗ್ರಾಂ ಒಣಕಾಳಿಗೆ 20 ಗ್ರಾಂಗೂ ಜಾಸ್ತಿ ಪ್ರೋಟೀನ್ ಇದೆ. ಪ್ರೋಟೀನ್, ನಾರು ಎರಡೂ ಸೇರಿದರೆ ಹೊಟ್ಟೆ ಬೇಗ ತುಂಬುತ್ತದೆ, ತುಂಬಿದ್ದು ಬೇಗ ಖಾಲಿಯಾಗಲ್ಲ. ಬೆಳಗ್ಗೆ ಹೋಟೆಲಿನ ತಟ್ಟೆ ಇಡ್ಲಿ, ವಡೆ ಬಿಟ್ಟು ಎರಡು ಮೊಟ್ಟೆ, ಮನೆಯ ಎರಡು ಇಡ್ಲಿ. ರಾತ್ರಿ ಊಟ ಹತ್ತರಿಂದ ಏಳೂವರೆಗೆ ಬಂತು. ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ತರುತ್ತಿದ್ದೆವು, ಈಗ ಎರಡೂವರೆ.

ಬೀಗರ ಊಟಕ್ಕೆ ಹೋಗುತ್ತೇನೆ. ಮಟನ್ ತುಂಡು, ಬೋಟಿ ಗೊಜ್ಜು ಉಣ್ಣುತ್ತೇನೆ, ಮುದ್ದೆ ಅರ್ಧ. ಎಲೆ ಖಾಲಿ ಕಂಡರೆ ಬಡಿಸುವವರು ಬಿಡಲ್ಲ. ಅದಕ್ಕೇ ಎಲೆಯ ಮೂಲೆಯಲ್ಲಿ ಒಂದು ತುತ್ತು ಉಳಿಸಿಕೊಂಡೇ ನಿಧಾನವಾಗಿ ಉಣ್ಣುವುದು.

ಮೂರು ತಿಂಗಳಿಗೆ ನಾಲ್ಕು ಕೆಜಿ ಇಳಿಯಿತು. ಮೊದಲು ಸೊರಗಿದ್ದು ಮುಖ, ಆಮೇಲೆ ಕುತ್ತಿಗೆ, ತೋಳು. "ಶುಗರ್ ಬಂತಾ? ಹುಷಾರಿಲ್ವಾ?" ಅಂತ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವರು. ಹೊಟ್ಟೆ ಮಾತ್ರ ಮುಂದೆಯೇ ಇತ್ತು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ನನ್ನ ಮಟ್ಟಿಗಂತೂ ಹೊಟ್ಟೆಗೆ ಮೊದಲು ಬಂದದ್ದು ಕೊನೆಗೆ ಹೋಯಿತು. ಆರನೇ ತಿಂಗಳಲ್ಲಿ ತೂಕವೂ ನಿಂತಿತು. ಐದು ವಾರ ಒಂದು ಗ್ರಾಂ ಅಲುಗಲಿಲ್ಲ. ಬೇಜಾರಾಗಿ ಒಂದು ಸಂಜೆ ನಡಿಗೆಯ ಚಪ್ಪಲಿ ಎಸೆದೇಬಿಟ್ಟೆ.

ಮತ್ತೆ ಖಾತೆ ತೆರೆದೆ. ಸಂಜೆ ನಾಲ್ಕರ ಕಡ್ಲೆಪುರಿಗೆ ಮಿಕ್ಸ್ಚರ್ ಬೆರೆಯೋಕೆ ಶುರುವಾಗಿತ್ತು. ಭಾನುವಾರ ಮುದ್ದೆ ಎರಡಾಗಿತ್ತು. ಇಳಿದ ಮೈಗೆ ಮೊದಲಿನಷ್ಟು ಊಟವೂ ಬೇಕಿರಲಿಲ್ಲ. ಇನ್ನೊಂದು, ರಾತ್ರಿ ಹನ್ನೆರಡರ ತನಕ ಫೋನ್ ನೋಡಿ ಐದೂವರೆ ಗಂಟೆ ಮಲಗುತ್ತಿದ್ದೆ. ನಿದ್ದೆ ಕಮ್ಮಿಯಾದ ಮರುದಿನ ಕೈ ತಾನಾಗಿ ಕರಿದದ್ದರ ಕಡೆ ಹೋಗುತ್ತದೆ, ಖಾತೆಯಲ್ಲೇ ಕಾಣುತ್ತಿತ್ತು. ಹತ್ತೂವರೆಗೆ ದೀಪ ಆರಿಸಿ ಏಳು ಗಂಟೆ ಮಲಗೋಕೆ ಶುರು ಮಾಡಿದೆ. ತೂಕ ಮತ್ತೆ ಇಳಿಯಿತು.

ಒಟ್ಟು 14 ತಿಂಗಳು. ತೂಕ 73, ಸೊಂಟ 89. ಖಾಲಿ ಹೊಟ್ಟೆಯ ಸಕ್ಕರೆ 96, ಸರಾಸರಿ 5.6. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅನ್ನುತ್ತಾರೆ. ಆ ಲೆಕ್ಕದಲ್ಲಿ 11 ಕೆಜಿಗೆ ದಿನಕ್ಕೆ ಸರಾಸರಿ 200 ಕ್ಯಾಲೊರಿ ಕಮ್ಮಿಯಾಗಿದೆ ಅಷ್ಟೇ. ನನ್ನ ಆರು ಟೀಗಳ ಸಕ್ಕರೆಗಿಂತ ಕಮ್ಮಿ. ಈಗಾಗಲೇ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟ ಇಳಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಸಕ್ಕರೆ ಜಾಸ್ತಿ ಇಳಿದು ತಲೆಸುತ್ತಿ ಬೀಳುವ ಅಪಾಯ ಇದೆ.

ನನ್ನದು ಮುಗಿದ ಮೇಲೆ ಹೆಂಡತಿ ಟೇಪು ಕೇಳಿದಳು. ಅವಳದು 91 ಇತ್ತು. ಅವಳು ಊಟ ಮಾಡುವುದೇ ಕಮ್ಮಿ, ಹೆಂಗೆ ಅಂದುಕೊಂಡೆ. ಒಂದು ವಾರ ಅವಳ ತಟ್ಟೆ ನೋಡಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವಾಗ ಪಲ್ಯ ಮುಗಿದಿರುತ್ತಿತ್ತು. ಮೊಟ್ಟೆ ಮಕ್ಕಳಿಗೆ, ನನಗೆ. ಅವಳ ಪಾಲಿಗೆ ತಳದ ಅನ್ನ, ತಿಳಿ ಸಾರು. ನಾನು ಬಟ್ಟಲು ತುಂಬ ತಿಂದ ಕಾಳು ಅವಳ ತಟ್ಟೆಯದ್ದು. ಅದನ್ನು ಕಂಡಾಗ ಬಹಳ ನೋವಾಯಿತು. ಈಗ ಬಸ್ಸಾರಿನ ದಿನ ಒಗ್ಗರಣೆ ಹಾಕಿದ ಕೂಡಲೇ ಮೊದಲ ಬಟ್ಟಲು ಅವಳಿಗೆ ತೆಗೆದಿಡುತ್ತೇನೆ. ಬೆಳಗ್ಗೆ ನಾಲೆ ಏರಿ ಮೇಲೆ ಇಬ್ಬರೂ ಹೋಗುತ್ತೇವೆ. ಹೋದ ತಿಂಗಳು ಅಳೆದಾಗ ಅವಳದು 86.