ಟಿಪ್ಸ್ ಡಬ್ಬಿಗೆ ಎರಡು ಬೀಗ

"ಹೋಟೆಲಲ್ಲಿ ಟಿಪ್ಸ್ ಕೊಡಬೇಕಾ, ಬೇಡ್ವಾ?" ಅಂತ ನನ್ನನ್ನು ಕೇಳುವವರು ಬಹಳ. ಕೊಟ್ಟ ದುಡ್ಡು ಆಮೇಲೆ ಯಾರ ಜೇಬು ಸೇರುತ್ತದೆ ಅಂತ ಕೇಳುವವರು ಕಮ್ಮಿ. ನನಗೆ ಎರಡನೇ ಪ್ರಶ್ನೆಯೇ ದೊಡ್ಡದು. ನಾನು ಕುಂದಾಪುರ ಕಡೆಯವನು. ಬೆಂಗಳೂರಿಗೆ ಬಂದು ಮೊದಲು ಸೇರಿದ್ದು ಕ್ಲೀನರ್ ಆಗಿ. ಆಮೇಲೆ ಸಪ್ಲೈಯರ್ ಆದೆ, ಆಮೇಲೆ ಗಲ್ಲಾದಲ್ಲಿ ಕೂತೆ. ಈಗ ಇಬ್ಬರು ಪಾಲುದಾರರ ಜೊತೆ ನಮ್ಮದೇ ಒಂದು ವೆಜ್ ರೆಸ್ಟೋರೆಂಟ್ ಇದೆ. ಕೆಳಗೆ ಸಾದಾ ಹಾಲ್, ಮೇಲೆ ಎಸಿ. ಟಿಪ್ಸ್ ಈಸಿಕೊಂಡೂ ಗೊತ್ತು, ಹಂಚಿಯೂ ಗೊತ್ತು.

ಚೆನ್ನಾಗಿ ಸಪ್ಲೈ ಮಾಡಿದವನಿಗೆ ಜಾಸ್ತಿ ಟಿಪ್ಸ್ ಸಿಗುತ್ತದೆ ಅಂತ ಗಿರಾಕಿಗಳು ನಂಬಿದ್ದಾರೆ. ನಾನು ನೋಡಿದ ಮಟ್ಟಿಗೆ ಅದು ಅರ್ಧ ಸತ್ಯವೂ ಅಲ್ಲ. ಟಿಪ್ಸ್ ಸಿಗೋದು ಟೇಬಲ್ ನೋಡಿ. ಭಾನುವಾರ ಮಧ್ಯಾಹ್ನ ಎಸಿ ರೂಮಿನಲ್ಲಿ ಎಂಟು ಜನರ ಕುಟುಂಬ ಕೂತರೆ ಬಿಲ್ಲು ದೊಡ್ಡದು, ಟಿಪ್ಸೂ ದೊಡ್ಡದು. ಕೆಳಗೆ ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಕಾಲೇಜು ಹುಡುಗರು ಬೈಟೂ ಕಾಫಿ ಹೇಳಿ ಒಂದು ಗಂಟೆ ಕೂರುತ್ತಾರೆ. ಅವರ ಹತ್ತಿರ ಎಷ್ಟು ನಕ್ಕರೂ ಅಷ್ಟೇ. ತಿಂಗಳ ಮೊದಲ ವಾರದ ಟಿಪ್ಸ್ ಬೇರೆ, ಇಪ್ಪತ್ತೈದನೇ ತಾರೀಕಿನ ಟಿಪ್ಸ್ ಬೇರೆ. ಇದರಲ್ಲಿ ಸಪ್ಲೈಯರ್ ಕೈಯಲ್ಲಿ ಏನಿದೆ ಹೇಳಿ? ಇನ್ನೊಂದು ಅನ್ಯಾಯ ಏನಂದರೆ, ದೋಸೆ ತಡವಾದರೆ ಟಿಪ್ಸ್ ಕಟ್. ಕಾವಲಿ ಮುಂದೆ ನಿಂತಿರುವವರು ಬೇರೆ, ಬೈಸಿಕೊಳ್ಳುವವನು ಬೇರೆ.

ಇದರಿಂದ ಜಗಳ ಶುರುವಾಗೋದು ಟೇಬಲ್ ಹಂಚುವಾಗ. ನಾವು ಹೋಟೆಲ್ ತೆಗೆದ ಹೊಸದರಲ್ಲಿ ಎಲ್ಲ ಕಡೆ ಇದ್ದ ಪದ್ಧತಿಯೇ ನಮ್ಮಲ್ಲೂ ಇತ್ತು. ಯಾರ ಟೇಬಲ್ಲಿನದು ಅವರಿಗೆ. ಮೇಲಿನ ಎಸಿ ರೂಮು ಹಳಬರಿಗೆ ಕಾಯಂ. ಹೊಸ ಹುಡುಗರು ಕೆಳಗೆ. ಒಬ್ಬರೇ ಬಂದು ಕಾಫಿ ಕುಡಿದು ಪೇಪರ್ ಓದುವ ವಯಸ್ಸಾದ ಯಜಮಾನರ ಕಡೆಗೆ ಯಾರೂ ತಲೆ ಹಾಕುತ್ತಿರಲಿಲ್ಲ. ಅವರು ಕೈ ಎತ್ತಿ ಎತ್ತಿ ಸುಸ್ತಾಗುತ್ತಿದ್ದರು. ಕೆಲವು ಸಪ್ಲೈಯರ್‌ಗಳು ಕ್ಲೀನರ್ ಹುಡುಗನಿಗೆ ದಿನಕ್ಕೆ ಇಪ್ಪತ್ತು ರೂಪಾಯಿ ಕೊಟ್ಟು ತಮ್ಮ ಟೇಬಲ್ಲನ್ನೇ ಮೊದಲು ಒರೆಸಿಕೊಳ್ಳುತ್ತಿದ್ದರು. ಟೇಬಲ್ ಬೇಗ ಖಾಲಿಯಾದರೆ ಮುಂದಿನ ಗಿರಾಕಿ ಬೇಗ ಕೂರುತ್ತಾನೆ, ಅಲ್ವಾ? ಇದು ಗೊತ್ತಾದಾಗ ಕೋಪಕ್ಕಿಂತ ನಗು ಬಂತು. ನಾನು ಕ್ಲೀನರ್ ಆಗಿದ್ದಾಗ ನಮ್ಮ ಕಾಲದ ರೇಟು ಎರಡು ರೂಪಾಯಿ ಇತ್ತು.

ಸರಿ, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಹಂಚೋಣ ಅಂತ ಮೀಟಿಂಗ್ ಕರೆದೆ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಎಲ್ಲರೂ ಹಾಲಿನಲ್ಲಿ ಕೂತೆವು. ಹಿರಿಯ ಸಪ್ಲೈಯರ್ ಒಬ್ಬರು ಎದ್ದು ನಿಂತರು. "ಅಣ್ಣ, ಗಿರಾಕಿ ಮುಂದೆ ನಿಂತು ಬೈಸಿಕೊಳ್ಳೋನು ನಾನು. ನಕ್ಕೊಂಡು ಮಾತಾಡ್ಸೋನು ನಾನು. ಒಳಗೆ ಪಾತ್ರೆ ತೊಳೆಯೋನ ಮುಖ ಅವರು ನೋಡೇ ಇಲ್ಲ. ಅವನಿಗ್ಯಾಕೆ?" ಪಾತ್ರೆ ತೊಳೆಯುವವನು ಅಸ್ಸಾಂನ ಹುಡುಗ. ಅಷ್ಟೊತ್ತಿಗೆ ಕನ್ನಡ ಚೆನ್ನಾಗಿಯೇ ಕಲಿತಿದ್ದ. ಮೂಲೆಯಿಂದಲೇ ಹೇಳಿದ: "ನಾಳೆ ನಾನು ಲೋಟ ತೊಳೆಯಲ್ಲ, ನೀವು ನಕ್ಕೊಂಡು ಕಾಫಿ ಕೊಡಿ." ಎಲ್ಲರೂ ನಕ್ಕರು, ಹಿರಿಯರು ಮಾತ್ರ ನಗಲಿಲ್ಲ.

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಹಾಗಾಗಿ ಸಮಪಾಲು ಬಿಟ್ಟು ಹೀಗೆ ಮಾಡಿದೆವು. ಸಪ್ಲೈಯರ್‌ಗೆ ಎರಡು ಪಾಲು. ಕ್ಲೀನರ್, ಪಾತ್ರೆ ತೊಳೆಯುವವರು, ಅಡುಗೆಯವರು ಇವರಿಗೆ ತಲಾ ಒಂದು. ಏಳು ಜನ ಸಪ್ಲೈಯರ್, ನಾಲ್ವರು ಕ್ಲೀನರ್, ಪಾತ್ರೆಗೆ ಇಬ್ಬರು, ಅಡುಗೆಗೆ ನಾಲ್ವರು ಅಂದರೆ ಒಟ್ಟು 24 ಪಾಲು. ವಾರಕ್ಕೆ ₹9,600 ಬಿದ್ದಿದ್ದರೆ ಒಂದು ಪಾಲು ₹400. ಸಪ್ಲೈಯರ್‌ಗೆ ₹800, ಕ್ಲೀನರ್‌ಗೆ ₹400. ರಜೆ ಹಾಕಿದ ದಿನಕ್ಕೆ ಪಾಲಿಲ್ಲ. ಮ್ಯಾನೇಜರ್, ಕ್ಯಾಷಿಯರ್, ಮಾಲೀಕರು ಇವರಿಗೆ ಸೊನ್ನೆ. ಈ ಕೊನೆಯ ಸಾಲು ಬರೆದ ಮೇಲೆಯೇ ಹುಡುಗರು ಉಳಿದ ಸಾಲುಗಳನ್ನು ನಂಬಿದ್ದು.

ಯುಗಾದಿ, ದೀಪಾವಳಿಗೆ ಹಳೇ ಗಿರಾಕಿಗಳು ಪ್ರೀತಿಯಿಂದ ಕೈಗೆ ಕೊಡುವ ಇನಾಮು ಮಾತ್ರ ಅವರವರದ್ದೇ. ಅದನ್ನೂ ಡಬ್ಬಿಗೆ ಹಾಕು ಅನ್ನೋದು ನನಗೇ ಸರಿ ಕಾಣಲಿಲ್ಲ. ಉಳಿದ ದಿನ ಕೈಗೆ ಕೊಟ್ಟದ್ದೂ ಡಬ್ಬಿಗೆ. ಯಾರಾದರೂ ಜೇಬಿಗೆ ಹಾಕಿಕೊಂಡರೆ? ಹಾಕಿಕೊಂಡಿದ್ದಾರೆ, ನನಗೆ ಗೊತ್ತು. ನಾನು ಜೇಬು ತಡಕಲು ಹೋಗುವುದಿಲ್ಲ. ಅಡುಗೆಯವರಿಗೂ ಪಾಲಿದೆ ಅಂತಾದ ಮೇಲೆ ಅಡುಗೆಮನೆಯ ಕಿಂಡಿಯಿಂದಲೇ ಹಾಲ್ ಮೇಲೆ ಕಣ್ಣಿರುತ್ತದೆ.

ಡಬ್ಬಿ ಅಂದರೆ ಸ್ಟೀಲಿನ ಹುಂಡಿ. ಎರಡು ಬೀಗ. ಒಂದರ ಕೀಲಿ ಸಪ್ಲೈಯರ್‌ಗಳ ಹತ್ತಿರ, ಇನ್ನೊಂದು ಕ್ಲೀನರ್‌ಗಳ ಹತ್ತಿರ. ಗಲ್ಲಾದಲ್ಲಿ ಕೀಲಿ ಇಲ್ಲ. ಶನಿವಾರ ರಾತ್ರಿ ತರಕಾರಿ ಹೆಚ್ಚುವ ಟೇಬಲ್ ತೊಳೆದು ಒರೆಸಿ, ಅದರ ಮೇಲೆ ಸುರಿಯುತ್ತಾರೆ. ಹತ್ತು ರೂಪಾಯಿ ನಾಣ್ಯಗಳು ಖಣಖಣ ಅಂತ ಉರುಳುತ್ತವೆ. ನಾಲ್ಕು ಮಡಿಕೆ ಮಾಡಿ ಬಿಲ್ಲಿನ ಕೆಳಗೆ ಇಟ್ಟ ಇಪ್ಪತ್ತರ ನೋಟುಗಳು, ಸಾಂಬಾರಿನ ಕಲೆ ಹತ್ತಿದ ಐವತ್ತು. ಬಡೇಸೋಂಪು ಅಂತೂ ಪ್ರತಿ ಸಲ ಒಂದು ಚಮಚೆಯಷ್ಟಾದರೂ ಉದುರುತ್ತದೆ, ಬಿಲ್ ತಟ್ಟೆಯಿಂದ ಹಾಗೇ ಬಗ್ಗಿಸುತ್ತಾರಲ್ಲ. ಒಮ್ಮೆ ಒಂದು ಡಾಲರ್ ನೋಟು ಬಂದಿತ್ತು. ಅದನ್ನು ಹಂಚೋದು ಹೇಗೆ ಅಂತ ಅರ್ಧ ಗಂಟೆ ಚರ್ಚೆ ನಡೆದು, ಕೊನೆಗೆ ದೇವರ ಫೋಟೋ ಹಿಂದೆ ಸಿಕ್ಕಿಸಿದರು. ಎಣಿಸಿದ್ದನ್ನು ಪುಸ್ತಕದಲ್ಲಿ ಬರೆದು ಮೂವರು ಸಹಿ ಹಾಕುತ್ತಾರೆ. ಅವತ್ತೇ ಹಂಚಿಕೆ. ತಿಂಗಳ ಕೊನೆಗೆ ಅಂತ ಇಟ್ಟುಕೊಂಡರೆ ಮಾಲೀಕನ ಕೈ ಅದರ ಕಡೆ ಹೋಗುತ್ತದೆ. ವ್ಯಾಪಾರದಲ್ಲಿ ದುಡ್ಡಿಗೆ ಯಾವಾಗಲೂ ಅರ್ಜೆಂಟೇ.

ಸಂಬಳದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಲೈನಿನಲ್ಲಿ ಕೆಲಸಕ್ಕೆ ಕರೆಯುವಾಗ "ಸಂಬಳ ಇಷ್ಟು, ಟಿಪ್ಸ್ ಇಷ್ಟು, ಒಟ್ಟು ಇಷ್ಟಾಗುತ್ತೆ" ಅಂತ ಕೂಡಿಸಿ ಹೇಳುವ ಚಾಳಿ ಇದೆ. ಅಂದರೆ ಗಿರಾಕಿ ಕೊಡೋದನ್ನು ಮಾಲೀಕ ತನ್ನ ಲೆಕ್ಕದಲ್ಲಿ ತೋರಿಸೋದು. ನಾನು ಸಪ್ಲೈಯರ್ ಆಗಿ ಸೇರಿದ ಒಂದು ಹೋಟೆಲಿನಲ್ಲಿ ಹೀಗೇ ಹೇಳಿ ಕರೆದಿದ್ದರು. ಮಳೆಗಾಲದಲ್ಲಿ ಗಿರಾಕಿ ಇಲ್ಲ, ಟಿಪ್ಸ್ ಇಲ್ಲ, ಹೇಳಿದ "ಒಟ್ಟು" ಎಲ್ಲೋ ಹೋಯಿತು. ಕಾನೂನು ಈ ವಿಷಯದಲ್ಲಿ ಸ್ಪಷ್ಟ. ಜೈಪುರದ ರಾಂಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ: ಟಿಪ್ಸ್ ಸಂಬಳ ಅಲ್ಲ. ಗಿರಾಕಿ ನಂಬಿ ಕೊಟ್ಟದ್ದನ್ನು ಮಾಲೀಕ ದಾಟಿಸುತ್ತಾನೆ, ಅಷ್ಟೇ. ನಮ್ಮ ರಾಜ್ಯದಲ್ಲಿ ಹೋಟೆಲ್ ಕೆಲಸಕ್ಕೆ ಕನಿಷ್ಠ ವೇತನ ನಿಗದಿಯಾಗಿದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಪರಿಷ್ಕರಣೆ ಆಗುತ್ತದೆ. ಅದನ್ನು ಪೂರ್ತಿ ಕೊಟ್ಟು, ಕೆಲಸದವರ ಆರೋಗ್ಯ ವಿಮೆಯಾದ ಇಎಸ್‌ಐಗೆ ಮಾಲೀಕನ ಪಾಲಾಗಿ ಸಂಬಳದ 3.25 ಪರ್ಸೆಂಟ್ ಕಟ್ಟಿದ ಮೇಲೆಯೇ ಡಬ್ಬಿಯ ಮಾತು. ಸಂಬಳದ ಚೀಟಿಯಲ್ಲಿ ಟಿಪ್ಸ್ ಅನ್ನೋ ಪದವೇ ಬರುವುದಿಲ್ಲ.

ಅಮೆರಿಕದಿಂದ ರಜೆಗೆ ಬಂದವರು ಮೊಬೈಲ್ ತೆಗೆದು 18, 20 ಪರ್ಸೆಂಟ್ ಲೆಕ್ಕ ಹಾಕಿ ಇಡುತ್ತಾರೆ. ಹುಡುಗರಿಗೆ ಹಬ್ಬ. ಆದರೆ ಅಲ್ಲಿನ ಕಥೆಯೇ ಬೇರೆ. ಟಿಪ್ಸ್ ಸಿಗುವ ಕೆಲಸದವರಿಗೆ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಹಾಗೇ ಇದೆ. ಬಹಳಷ್ಟು ರಾಜ್ಯಗಳು ಜಾಸ್ತಿ ಇಟ್ಟಿವೆ. ಅಲ್ಲಿ ಗಿರಾಕಿ ಕೊಡದಿದ್ದರೆ ಮನೆ ನಡೆಯುವುದು ಕಷ್ಟ. ಆ ಪದ್ಧತಿ ಇಲ್ಲಿಗೆ ಬರಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಕೊಡೋದು ಗಿರಾಕಿಯ ಖುಷಿಗೆ ಬಿಟ್ಟದ್ದಾಗಿರಲಿ.

ಸರ್ವಿಸ್ ಚಾರ್ಜ್ ಬಗ್ಗೆಯೂ ನಮ್ಮಲ್ಲಿ ಚರ್ಚೆ ಆಗಿತ್ತು. ಒಬ್ಬ ಪಾಲುದಾರರಿಗೆ ಅದು ಬಹಳ ಇಷ್ಟ. "ಮೇಲಿನ ಎಸಿಗೆ ಮಾತ್ರ ಹತ್ತು ಪರ್ಸೆಂಟ್ ಹಾಕೋಣ, ಹುಡುಗರಿಗೇ ಕೊಡೋಣ" ಅಂದರು. ನಾನು ಪೇಪರ್ ಮೇಲೆ ಲೆಕ್ಕ ತೋರಿಸಿದೆ. ಊಟ ₹1,000. ಸರ್ವಿಸ್ ಚಾರ್ಜ್ ₹100. ಜಿಎಸ್‌ಟಿ ಐದು ಪರ್ಸೆಂಟ್ ಬೀಳೋದು ₹1,100ರ ಮೇಲೆ, ಅಂದರೆ ₹55. ಒಟ್ಟು ₹1,155. ಟಿಪ್ಸ್ ಆದರೆ ಬಿಲ್ಲು ₹1,050, ಅದರ ಮೇಲೆ ಗಿರಾಕಿ ಇಷ್ಟಪಟ್ಟು ನೂರು ಇಟ್ಟರೆ ಪೂರ್ತಿ ನೂರು ಹುಡುಗರಿಗೆ. ಅದೇ ನೂರಕ್ಕೆ ಗಿರಾಕಿ ತೆರಿಗೆಯನ್ನೂ ಯಾಕೆ ಕಟ್ಟಬೇಕು? ಅದೂ ಅಲ್ಲದೆ, ಬಿಲ್ಲಿನಲ್ಲಿ ಬಂದ ದುಡ್ಡು ಹೋಟೆಲಿನ ದುಡ್ಡಾಗಿಬಿಡುತ್ತದೆ. ಅದರಲ್ಲಿ ಒಡೆದ ಕಪ್ಪು, ಹೋದ ಬಲ್ಬು ಎಲ್ಲದರ ಖರ್ಚೂ ಮುರಿದು, ಉಳಿದದ್ದು ಕೆಲಸದವರಿಗೆ ಅನ್ನುವ ಕಡೆಯೂ ನಾನು ಕೆಲಸ ಮಾಡಿದ್ದೇನೆ.

ಆಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2022ರ ಜುಲೈನಲ್ಲಿ ಮಾರ್ಗಸೂಚಿ ತಂದಿತು. ಬಿಲ್ಲಿನಲ್ಲಿ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆ ತಂದವು. 2025ರ ಮಾರ್ಚ್ 28ರಂದು ಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿ ಹಿಡಿಯಿತು. ನಿಮ್ಮ ಬಿಲ್ಲಿನಲ್ಲಿ ಅದು ಕಂಡರೆ ತೆಗೆಯಿರಿ ಅಂತ ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಸಂಕೋಚ ಬೇಡ. ಆದರೆ ಆ ಸಿಟ್ಟನ್ನು ಬಿಲ್ ತಂದ ಹುಡುಗನ ಮೇಲೆ ತೀರಿಸಬೇಡಿ, ಮ್ಯಾನೇಜರನ್ನು ಕರೆಸಿ.

ನಿಜವಾದ ಹೊಡೆತ ಬಿದ್ದದ್ದು ಯುಪಿಐ ಬಂದ ಮೇಲೆ. ಮೊದಲು ₹342 ಬಿಲ್ಲಿಗೆ ನಾಲ್ಕು ನೂರು ಕೊಟ್ಟು, ಚಿಲ್ಲರೆ ತಟ್ಟೆಯಲ್ಲಿ ವಾಪಸ್ ಬಂದಾಗ ನೋಟು ಎತ್ತಿಕೊಂಡು ಎಂಟು ರೂಪಾಯಿ ಅಲ್ಲೇ ಬಿಡೋರು. ಸಪ್ಲೈಯರ್ ಜಾಣನಾದರೆ ಐವತ್ತರ ನೋಟಿನ ಬದಲು ಐದು ಹತ್ತರ ನೋಟು ತಂದಿಡುತ್ತಿದ್ದ. ನಾನೂ ಹಾಗೇ ಮಾಡುತ್ತಿದ್ದೆ. ಈಗ ₹342 ಅಂದರೆ ಪೈಸೆ ಆಚೀಚೆ ಇಲ್ಲದೆ ₹342 ಬರುತ್ತದೆ. ಕೊಡುವ ಮನಸ್ಸಿದ್ದವರ ಜೇಬಿನಲ್ಲೂ ನೋಟಿಲ್ಲ. "ಸಾರಿ ಕಣಪ್ಪ, ಕ್ಯಾಶ್ ಇಲ್ಲ" ಅಂತ ಅವರೇ ಮುಜುಗರ ಪಡುತ್ತಾರೆ. ಡಬ್ಬಿ ಅರ್ಧಕ್ಕೆ ಇಳಿಯಿತು.

ಒಬ್ಬ ಸಪ್ಲೈಯರ್ ತನ್ನ ನಂಬರಿನ ಕ್ಯೂಆರ್ ಅಂಟಿಸೋಣ ಅಂದ. ಎಲ್ಲರ ದುಡ್ಡು ಒಬ್ಬನ ಖಾತೆಗೆ ಹೋದರೆ ನಾಳೆ ಅವನು ಊರಿಗೆ ಹೋದಾಗ ಏನು ಗತಿ? ನಾನು ಬ್ಯಾಂಕಿನಲ್ಲಿ ಬೇರೆ ಖಾತೆ ಮಾಡಿಸಿ ಅದರ ಕ್ಯೂಆರ್ ಅನ್ನು ಬಿಲ್ ಫೋಲ್ಡರಿನ ಒಳಗೆ ಅಂಟಿಸಿದೆ. "ಇದು ಕೆಲಸದವರಿಗೆ. ಕೊಡಲೇಬೇಕು ಅಂತಿಲ್ಲ" ಅಂತ ಕನ್ನಡದಲ್ಲಿ ಒಂದು ಸಾಲು. ಆಡಿಟರ್ ಪುಸ್ತಕ ಸರಿಯಾಗಿಡಿ ಅಂದರು, ಅಷ್ಟೇ. ಇಂಥ ಟಿಪ್ಸ್ ಸಂಬಳದ ಲೆಕ್ಕಕ್ಕೆ ಬಾರದ್ದರಿಂದ ಮಾಲೀಕರು ಅದರ ಮೇಲೆ ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ಆದಾಯ ತೆರಿಗೆ, ಮುರಿಯಬೇಕಿಲ್ಲ ಅಂತ ಹೋಟೆಲ್ ನಡೆಸುತ್ತಿದ್ದ ಐಟಿಸಿ ಕಂಪನಿಯ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೂ ಹುಡುಗರಿಗೆ ಅನುಮಾನ. ಖಾತೆ ನನ್ನ ಕೈಯಲ್ಲಿ, ಎಷ್ಟು ಬಂತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಆ ಖಾತೆಯ ಸೌಂಡ್ ಬಾಕ್ಸನ್ನು ಗಲ್ಲಾದಿಂದ ತೆಗೆದು ಅಡುಗೆಮನೆ ಬಾಗಿಲ ಮೇಲೆ ಇಟ್ಟೆ. "ಇಪ್ಪತ್ತು ರೂಪಾಯಿ" ಅಂತ ಅದು ಕೂಗಿದರೆ ಈಗ ಪಾತ್ರೆ ತೊಳೆಯುವವರಿಗೂ ಕೇಳಿಸುತ್ತದೆ. ನೂರು ಅಂದರೆ ಒಳಗಿನಿಂದ ಶಿಳ್ಳೆ ಬರುತ್ತದೆ. ಒಮ್ಮೊಮ್ಮೆ ಗಿರಾಕಿಗಳೂ ತಿರುಗಿ ನೋಡಿ ನಗುತ್ತಾರೆ. ಶನಿವಾರ ಅಷ್ಟನ್ನೂ ತೆಗೆದು ನೋಟುಗಳ ರಾಶಿಗೇ ಸೇರಿಸುತ್ತೇವೆ. ಮೊದಲಿನಷ್ಟು ಆಗಿಲ್ಲ, ಆದರೆ ಮುಕ್ಕಾಲಿಗೆ ಬಂದಿದೆ.

ಇನ್ನು ಗಿರಾಕಿಗಳ ಪ್ರಶ್ನೆಗೆ ನನ್ನ ಉತ್ತರ. ಕೂತಲ್ಲಿಗೆ ತಂದುಕೊಟ್ಟರೆ, ನಿಮಗೆ ಖುಷಿಯಾದರೆ, ಕೊಡಿ. ಪರ್ಸೆಂಟ್ ಲೆಕ್ಕ ಬೇಡ. ಎರಡು ಇಡ್ಲಿ ತಿಂದು ಹತ್ತು ಇಟ್ಟರೂ ಸಂತೋಷವೇ. ದರ್ಶಿನಿಯಲ್ಲಿ ನೀವೇ ಟೋಕನ್ ತಗೊಂಡು, ನೀವೇ ತಟ್ಟೆ ಹೊತ್ತು, ನಿಂತು ತಿಂದರೆ ಯಾರಿಗೂ ಏನೂ ಕೊಡಬೇಕಿಲ್ಲ. ಅಲ್ಲಿ ರೇಟು ಕಮ್ಮಿ ಇರೋದಕ್ಕೆ ಅದೂ ಒಂದು ಕಾರಣ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕಟ್ಟಿದ್ದರೆ ಮತ್ತೆ ಕೊಡೋದು ದಂಡ. ಕೊಡುವ ಮುಂಚೆ "ಇದು ನಿಮ್ಮ ಕೈಗೆ ಬರುತ್ತಾ?" ಅಂತ ಸಪ್ಲೈಯರನ್ನು ಮೆಲ್ಲಗೆ ಕೇಳಿ. ಆ ಪ್ರಶ್ನೆ ನಾಲ್ಕು ಜನ ಕೇಳಿದರೆ ಸಾಕು, ಮಾಲೀಕನ ಕಿವಿಗೆ ಬಿದ್ದೇ ಬೀಳುತ್ತದೆ. ದುಡ್ಡು ಕೊಡಲು ಆಗದಿದ್ದರೆ ಹೋಗುವಾಗ ಗಲ್ಲಾದಲ್ಲಿ ಆ ಹುಡುಗನ ಹೆಸರು ಹೇಳಿ ಹೋಗಿ. ನಾನಂತೂ ಅದನ್ನು ಬರೆದಿಟ್ಟುಕೊಳ್ಳುತ್ತೇನೆ, ಸಂಬಳ ಏರಿಸುವಾಗ ಲೆಕ್ಕಕ್ಕೆ ಬರುತ್ತದೆ.

ಈಗ ಹೊಸ ತಕರಾರು ಪಾರ್ಸೆಲ್ ಕೌಂಟರಿನದು. ಆ್ಯಪ್‌ನಲ್ಲಿ ಆರ್ಡರ್ ಮಾಡಿದವರು ಟಿಪ್ಸ್ ಕೊಟ್ಟರೆ ಅದು ಡೆಲಿವರಿ ಹುಡುಗರಿಗೆ ಹೋಗುತ್ತದೆ, ಹೋಗಲಿ, ಬಿಸಿಲು ಮಳೆಯಲ್ಲಿ ಗಾಡಿ ಓಡಿಸುವವರು ಅವರು. ಆದರೆ ಚಟ್ನಿ ಸೋರದ ಹಾಗೆ ಕಟ್ಟಿ, ಸಾಂಬಾರ್ ಬೇರೆ ಕಟ್ಟಿ, ದಿನವಿಡೀ ನಿಂತಿರುವ ನಮ್ಮ ಹುಡುಗಿಗೆ ಯಾವ ಕಡೆಯಿಂದಲೂ ಏನೂ ಇಲ್ಲ. ನಮ್ಮ ವ್ಯಾಪಾರದ ದೊಡ್ಡ ಭಾಗ ಈಗ ಆ ಕೌಂಟರಿನಿಂದಲೇ. ನಮ್ಮ ಟಿಪ್ಸ್ ಡಬ್ಬಿಯಲ್ಲಿ ಅವಳಿಗೂ ಒಂದು ಪಾಲು ಹಾಕೋಣ ಅಂದೆ. ಸಪ್ಲೈಯರ್‌ಗಳು ಬೇಡ ಅಂದರು, ಪಾತ್ರೆ ತೊಳೆಯುವವರು ಹೂಂ ಅಂದರು. ಅವತ್ತು ಎದ್ದು ನಿಂತಿದ್ದ ಹಿರಿಯ ಸಪ್ಲೈಯರ್ ಮಾತ್ರ ಈ ಸಲ ಅವಳ ಕಡೆಗೇ ಮಾತಾಡಿದ್ದು ನನಗೇ ಆಶ್ಚರ್ಯ. ಸದ್ಯಕ್ಕೆ ಅರ್ಧ ಪಾಲು ಅಂತ ಬರೆದಿದ್ದೇವೆ. ದಸರಾ ಆದಮೇಲೆ ಮತ್ತೆ ಕೂತು ಮಾತಾಡಬೇಕು.