ವೈಟ್‌ಫೀಲ್ಡ್‌ಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಎರಡು ಲ್ಯಾಂಬ್ಡಾ

ನಮ್ಮ ಸಾಫ್ಟ್‌ವೇರ್ ಪತ್ತಿನ ಸಹಕಾರ ಸಂಘಗಳ ಲೆಕ್ಕ ಇಡುತ್ತದೆ. ಸರ್ವರ್‌ಗಳು ಬೆಂಗಳೂರಿನ ಎರಡು ಡೇಟಾ ಸೆಂಟರ್‌ಗಳಲ್ಲಿವೆ: ಒಂದು ವೈಟ್‌ಫೀಲ್ಡ್, ಇನ್ನೊಂದು ಎಲೆಕ್ಟ್ರಾನಿಕ್ ಸಿಟಿ. ಯಾರೋ ಪಿಗ್ಮಿಗೆ ಕಟ್ಟಿದ 50 ರೂಪಾಯಿ ಎರಡೂ ಕಡೆ ಬರೆದಾದ ಮೇಲೆಯೇ ಅವರ ಕೈಗೆ ರಸೀದಿ ಹೋಗಬೇಕು. ಈ ನಿಯಮವನ್ನು ಮೊದಲ ದಿನದಿಂದಲೂ ಹಿಡಿದುಕೊಂಡು ಬಂದಿದ್ದೇವೆ.

2022ರವರೆಗೆ ಎರಡು ಊರುಗಳ ನಡುವೆ ಇದ್ದದ್ದು 1 ಜಿಯ, ಅಂದರೆ ಸೆಕೆಂಡಿಗೆ 1 ಗಿಗಾಬಿಟ್ ಹರಿಯುವ, ಎರಡು ಲೀಸ್ಡ್ ಲೈನ್ (ಬಾಡಿಗೆಯ ಡೇಟಾ ಲೈನ್). ತಿಂಗಳ ಕೊನೆಯಲ್ಲಿ ಬಡ್ಡಿ ಹಾಕುವ ರಾತ್ರಿ ಎರಡೂ ತುಂಬಿ ಹೋಗುತ್ತಿದ್ದವು. ಆಗ ಆ ಕಡೆ ಇರುವ ಲೆಕ್ಕದ ನಕಲು ಹಿಂದೆ ಬೀಳುತ್ತಿತ್ತು. ನಿಯಮ ಸಡಿಲಿಸಿ, ಬೆಳಗಿನವರೆಗೂ ಕೂತು ಎರಡೂ ಕಡೆ ತಾಳೆ ನೋಡಬೇಕಾಗುತ್ತಿತ್ತು. ಅಂಥ ಒಂದು ರಾತ್ರಿಯ ಮರುದಿನವೇ ದೊಡ್ಡ ಲಿಂಕ್ ತರುವ ಕೆಲಸ ನನಗೆ ಬಂತು.

ಮೊದಲು ಮನಸ್ಸಿಗೆ ಬಂದದ್ದು ಡಾರ್ಕ್ ಫೈಬರ್. ಖಾಲಿ ಗಾಜಿನ ಎಳೆ ಬಾಡಿಗೆಗೆ ತೆಗೆದುಕೊಂಡು, ಎರಡು ತುದಿಗೂ ನಮ್ಮದೇ ಪೆಟ್ಟಿಗೆ ಇಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ವಿಚಾರಿಸಿದಾಗ ದಾರಿ ಅಷ್ಟು ನೇರ ಇರಲಿಲ್ಲ. ನೆಲದಡಿ ಡಕ್ಟ್ (ಕೇಬಲ್ ಹಾಯುವ ಕೊಳವೆ) ಹಾಕಿ ಎಳೆ ಬಾಡಿಗೆ ಕೊಡುವ ಐಪಿ-1 ನೋಂದಣಿಯ ಸಂಸ್ಥೆಗಳು ಅದನ್ನು ಕೊಡಬಹುದಾದದ್ದು ಟೆಲಿಕಾಂ ಲೈಸೆನ್ಸ್ ಇದ್ದವರಿಗೆ. ನಮ್ಮಂಥ ಕಂಪನಿ ಲೈಸೆನ್ಸ್ ಇರುವವರ ಹತ್ತಿರ ಹೋಗಿ, ಬೆಳಕು ತುಂಬಿದ ಎಳೆಯಲ್ಲಿ ಒಂದು ಪಾಲು ಕೇಳಬೇಕು. ಆ ಪಾಲೇ ವೇವ್‌ಲೆಂತ್, ನಮ್ಮವರ ಬಾಯಲ್ಲಿ ಲ್ಯಾಂಬ್ಡಾ.

ಒಂದೇ ಎಳೆಯಲ್ಲಿ ಬೇರೆ ಬೇರೆ ತರಂಗದ ಬೆಳಕು ಒಂದನ್ನೊಂದು ಕೆಡಿಸದೆ ಸಾಗುತ್ತದೆ. 1530ರಿಂದ 1565 ನ್ಯಾನೋಮೀಟರ್‌ವರೆಗಿನ, ಕಣ್ಣಿಗೆ ಕಾಣದ ಆ ಪಟ್ಟಿಯನ್ನು 100 ಗಿಗಾಹರ್ಟ್ಸ್ ಅಂತರದಲ್ಲಿ ಹಂಚಿದರೆ ಸುಮಾರು 40 ಚಾನೆಲ್ ಸಿಗುತ್ತವೆ. ನಮಗೆ ಮೊದಲು ಸಿಕ್ಕಿದ್ದು 34ನೇ ಚಾನೆಲ್, 1550.12 ನ್ಯಾನೋಮೀಟರ್. ಆ ತರಂಗದಲ್ಲಿ ಬೇರೆ ಯಾರ ಮಾತೂ ಇರುವುದಿಲ್ಲ. ಲೀಸ್ಡ್ ಲೈನ್‌ನಲ್ಲಿ ನಮ್ಮ ಪ್ಯಾಕೆಟ್ ಇನ್ನೊಬ್ಬರ ಪ್ಯಾಕೆಟ್ ಹಿಂದೆ ಸರತಿ ನಿಲ್ಲಬೇಕಿತ್ತು. ಇಲ್ಲಿ ಸರತಿಯೇ ಇಲ್ಲ. ದೊಡ್ಡ ಫ್ರೇಮ್ ಹಾಕಿದರೂ ಸರಿ, ಮ್ಯಾಕ್‌ಸೆಕ್‌ನಿಂದ ಗೂಢಲಿಪಿ ಮಾಡಿ ಕಳಿಸಿದರೂ ಸರಿ, ಕೊಟ್ಟದ್ದು ಕೊಟ್ಟ ಹಾಗೆ ಆ ಕಡೆ ಬರುತ್ತದೆ.

ಕೊಟೇಶನ್ ತರಿಸಿದೆ. ನಮಗೆ ಬಂದ ದರಗಳಲ್ಲಿ 100 ಜಿಯ ಬಾಡಿಗೆ 10 ಜಿಯ ನಾಲ್ಕು ಪಟ್ಟಿನ ಆಸುಪಾಸಿನಲ್ಲಿತ್ತು. ಆಗಿನ ನಮ್ಮ ಹೊರೆಗೆ 10 ಜಿ ಧಾರಾಳ ಸಾಕಾಗಿತ್ತು, ಹಾಗಾಗಿ 10ಕ್ಕೇ ನಿಂತೆವು. ತಿಂಗಳ ಬಾಡಿಗೆ, ಒಂದು ಸಲದ ಹಾಕುವ ಖರ್ಚು, ಜೊತೆಗೆ ಎರಡೂ ಡೇಟಾ ಸೆಂಟರ್‌ಗಳ ಒಳಗೆ ಹೊರಗಿನ ಕೇಬಲ್‌ಗಳು ಬಂದು ಸೇರುವ ಮೀಟ್-ಮಿ ರೂಮಿನಿಂದ ನಮ್ಮ ರ್‍ಯಾಕ್‌ವರೆಗಿನ ಕೇಬಲ್‌ಗೆ, ಅಂದರೆ ಕ್ರಾಸ್ ಕನೆಕ್ಟ್‌ಗೆ, ಬೇರೆ ಬಾಡಿಗೆ. ಈ ಕೊನೆಯದನ್ನು ಯಾವ ಮಾರಾಟಗಾರನೂ ತಾನಾಗಿ ಹೇಳುವುದಿಲ್ಲ. ಬಜೆಟ್ ಬರೆಯುವಾಗಲೇ ಸೇರಿಸಿಕೊಳ್ಳಿ.

ದರಕ್ಕಿಂತ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ದಾರಿಯ ಬಗ್ಗೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್. ಹೋಗಿ ಬರಲು 10. ಒಂದು ದಾರಿಯ ಫೈಬರ್ ಉದ್ದ 36 ಕಿಲೋಮೀಟರ್ ಆದರೆ ಪ್ರತಿ ಕಮಿಟ್‌ಗೂ (ನಮೂದು ಎರಡೂ ಕಡೆ ಖಾಯಂ ಆಗುವುದಕ್ಕೂ) ಕನಿಷ್ಠ 360 ಮೈಕ್ರೋಸೆಕೆಂಡ್ ಕಾಯಬೇಕು, 52 ಆದರೆ 520. ಒಂದೇ ಖಾತೆಯ ಮೇಲೆ ಒಂದರ ಹಿಂದೊಂದು ನಮೂದು ಬೀಳುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹೆಚ್ಚು ಬ್ಯಾಂಡ್‌ವಿಡ್ತ್ ಕೊಂಡರೂ ಆ ಕಾಯುವಿಕೆ ಕಡಿಮೆಯಾಗುವುದಿಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ಮಾತು ಹೇಳಿದೆ: ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ತೋರಿಸುವ ಕೆಎಂಝಡ್ ಫೈಲ್ ಕೊಡಿ, ಆಮೇಲೆ ದರದ ಮಾತು. ಇಬ್ಬರು ಕೊಡಲು ಒಪ್ಪಲಿಲ್ಲ. ಅವರನ್ನು ಅಲ್ಲಿಗೇ ಕೈಬಿಟ್ಟೆ.

ಉಳಿದ ಇಬ್ಬರ ಗೆರೆಗಳನ್ನು ನಕ್ಷೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದೆ. ಮೊದಲನೆಯವರದು ವೈಟ್‌ಫೀಲ್ಡ್‌ನಿಂದ ವರ್ತೂರು, ಗುಂಜೂರು, ದೊಮ್ಮಸಂದ್ರ, ಮುತ್ತಾನಲ್ಲೂರು, ಚಂದಾಪುರ ಹಾದು ಎಲೆಕ್ಟ್ರಾನಿಕ್ ಸಿಟಿ. ಎರಡನೆಯವರದು ವರ್ತೂರಿನವರೆಗೆ ರಸ್ತೆಯ ಆಚೆ ಬದಿ, ಅಲ್ಲಿಂದ ಸರ್ಜಾಪುರ ರಸ್ತೆಯ ಕಡೆಗೆ. ಕಾಗದದ ಮೇಲೆ ಎರಡೂ ಬೇರೆ. ಒಂದು ಭಾನುವಾರ ಬೆಳಿಗ್ಗೆ ಬೈಕ್ ತೆಗೆದುಕೊಂಡು ಹೊರಟೆ. ವರ್ತೂರು ಕೆರೆಯ ಹತ್ತಿರ ರಸ್ತೆ ಇಕ್ಕಟ್ಟಾಗುವ ಕಡೆ ಒಂದು ಚೇಂಬರ್ ಮುಚ್ಚಳ ಅರ್ಧ ಸರಿದಿತ್ತು. ಒಳಗೆ ಟಾರ್ಚ್ ಬಿಟ್ಟೆ. ಕೇಬಲ್‌ಗಳಿಗೆ ಕಟ್ಟಿದ ತಗಡಿನ ಟ್ಯಾಗ್‌ಗಳಲ್ಲಿ ಇಬ್ಬರ ಹೆಸರೂ ಇತ್ತು. ಒಂದೇ ಚೇಂಬರ್, ಪಕ್ಕಪಕ್ಕದ ಡಕ್ಟ್. ಅಲ್ಲಿ ಒಂದು ಜೆಸಿಬಿ ಹಲ್ಲು ಊರಿದರೆ ನಮ್ಮ ಎರಡು ದಾರಿಯೂ ಒಟ್ಟಿಗೆ ಹೋಗುತ್ತಿದ್ದವು.

ಸೋಮವಾರ ಎರಡನೆಯವರಿಗೆ ಫೋಟೋ ಕಳಿಸಿದೆ. ಆ ತುಂಡಿನಲ್ಲಿ ಡಕ್ಟ್ ತಮ್ಮದಲ್ಲ, ಬೇರೆಯವರಿಂದ ಬಾಡಿಗೆಗೆ ಪಡೆದದ್ದು ಎಂದು ಅವರ ಎಂಜಿನಿಯರ್ ಒಪ್ಪಿಕೊಂಡರು. ಅವರ ಜೊತೆ ಕೂತು ದಾರಿ ಬದಲಿಸಿದೆವು: ಮಾರತಹಳ್ಳಿ, ಹೊರ ವರ್ತುಲ ರಸ್ತೆ, ಸಿಲ್ಕ್ ಬೋರ್ಡ್, ಹೊಸೂರು ರಸ್ತೆ. ಮಧ್ಯದಲ್ಲಿ ಅವರ ಎಕ್ಸ್‌ಚೇಂಜ್‌ಗೆ ಒಳಹೋಗಿ ಬರುವುದರಿಂದ 52 ಕಿಲೋಮೀಟರ್. ಆ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ನಡೆಯುತ್ತಿತ್ತು, ಆ ಭಯ ಇತ್ತು. ಆದರೂ ಎರಡೂ ದಾರಿ ಒಂದೇ ದಿನ ಕಡಿಯುವ ಸಂಭವ ಬಹಳ ಕಡಿಮೆ ಎಂದು ಅದನ್ನೇ ಆರಿಸಿದೆ.

ಒಬ್ಬರಿಂದಲೇ ಪ್ರೊಟೆಕ್ಟೆಡ್ ಲ್ಯಾಂಬ್ಡಾ ತೆಗೆದುಕೊಳ್ಳಿ, 50 ಮಿಲಿಸೆಕೆಂಡ್‌ನಲ್ಲಿ ತಾನೇ ದಾರಿ ಬದಲಾಗುತ್ತದೆ ಎಂದು ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಎರಡು ದಾರಿ ಇದ್ದರೂ ತುದಿಯ ಪೆಟ್ಟಿಗೆ ಒಂದೇ, ಸಂಸ್ಥೆ ಒಂದೇ. ಇಬ್ಬರಿಂದ ಒಂದೊಂದು ಅನ್‌ಪ್ರೊಟೆಕ್ಟೆಡ್ ತೆಗೆದುಕೊಂಡು, ದಾರಿ ಬದಲಿಸುವ ಕೆಲಸವನ್ನು ನಮ್ಮ ರೌಟರ್‌ಗೆ ಕೊಟ್ಟೆವು. ಕರಾರಿನಲ್ಲಿ ಮೂರು ಮಾತು ಹಟ ಹಿಡಿದು ಬರೆಸಿದೆ: ನಮ್ಮ ಒಪ್ಪಿಗೆ ಇಲ್ಲದೆ ದಾರಿ ಬದಲಿಸಬಾರದು, ಕಾಮಗಾರಿಗೆ ಏಳು ದಿನ ಮೊದಲು ತಿಳಿಸಬೇಕು, ಒಳಗೆ ಎಲ್ಲಿ ಕಡಿದರೂ ನಮ್ಮ ಪೋರ್ಟ್ ಬೀಳಬೇಕು.

ಈ ಮೂರನೆಯದರ ಬೆಲೆ ಹ್ಯಾಂಡೋವರ್ ದಿನವೇ ಗೊತ್ತಾಯಿತು. ಎರಡು ತುದಿಯ ನಡುವೆ ಅವರ ಪೆಟ್ಟಿಗೆಗಳಿವೆ. ಮಧ್ಯದಲ್ಲಿ ಎಳೆ ಕಡಿದರೂ ನಮಗೂ ಪಕ್ಕದ ಪೆಟ್ಟಿಗೆಗೂ ನಡುವಿನ ಚಿಕ್ಕ ವೈರು ಚೆನ್ನಾಗಿಯೇ ಇರುತ್ತದೆ. ಎಳೆ ಕೀಳಿಸಿ ಪರೀಕ್ಷೆ ಮಾಡಿದೆವು: ಪೋರ್ಟ್‌ನ ಹಸಿರು ದೀಪ ಹಾಗೇ ಉರಿಯುತ್ತಿತ್ತು, ಪ್ಯಾಕೆಟ್‌ಗಳು ಮಾತ್ರ ಎಲ್ಲೂ ತಲುಪುತ್ತಿರಲಿಲ್ಲ. ಅವರು ಸೆಟ್ಟಿಂಗ್ ಸರಿಪಡಿಸಿ, ಎಳೆ ಕಡಿದ ಕೂಡಲೇ ನಮ್ಮ ಕಡೆಗಿನ ಲೇಸರ್ ತಾನೇ ಆರುವಂತೆ ಮಾಡಿದರು. ಅದರ ಮೇಲೆ ನಾವು, ಎರಡು ತುದಿಯ ರೌಟರ್‌ಗಳು ಪದೇ ಪದೇ ಒಂದನ್ನೊಂದು ಕೂಗಿ ನೋಡುವ ಬಿಎಫ್‌ಡಿಯನ್ನೂ ಹಾಕಿದೆವು.

ಅದೇ ದಿನ ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ತೊಂದರೆ. ನಮ್ಮ ಆಪ್ಟಿಕ್‌ಗೆ (ಪೋರ್ಟ್‌ನಲ್ಲಿ ಬೆಳಕು ಹಿಡಿಯುವ ಮಾಡ್ಯೂಲ್) ಬರುತ್ತಿದ್ದ ಬೆಳಕು ಮೈನಸ್ 13.9 ಡಿಬಿಎಂ. ಇದು ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಮಂಕು. ಆ ಜಾತಿಯ ಆಪ್ಟಿಕ್‌ಗೆ ಮೈನಸ್ 14.4 ಕೊನೆಯ ಗಡಿ. ಅರ್ಧ ಡಿಬಿಯ ಅಂಚಿನಲ್ಲಿ ಲಿಂಕ್ ನಿಂತಿತ್ತು, ದೋಷದ ಎಣಿಕೆ ಏರುತ್ತಿತ್ತು. ಮೀಟ್-ಮಿ ರೂಮಿನಲ್ಲಿ ಮಂಡಿಯೂರಿ ಒಂದೊಂದೇ ಪ್ಯಾಚ್ ಕಾರ್ಡ್ ನೋಡುತ್ತಾ ಬಂದಾಗ ನೀಲಿ ಅಡಾಪ್ಟರ್‌ಗೆ ಹಸಿರು ಕನೆಕ್ಟರ್ ಚುಚ್ಚಿದ್ದು ಕಂಡಿತು. ಹಸಿರಿನದರ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ, ನೀಲಿಯದು ನೇರ. ಎರಡೂ ಎದುರು ಬದುರಾದರೆ ನಡುವೆ ಸಂದು ಬಿಟ್ಟು ಬೆಳಕು ಸೋರುತ್ತದೆ. ಕಾರ್ಡ್ ಬದಲಿಸಿ, ಪಕ್ಕದ ಜೋಡಣೆಯನ್ನೂ ಬಿಚ್ಚಿ ಮೈಕ್ರೋಸ್ಕೋಪ್‌ಗೆ ಇಟ್ಟೆ. ಬೆಳಕು ಹಾಯುವ 9 ಮೈಕ್ರಾನ್‌ನ ಕೋರ್ ಮೇಲೆ ಬೆರಳಿನ ಎಣ್ಣೆಯ ಕಲೆ. ಕ್ಲೀನರ್‌ನಿಂದ ಎರಡು ಸಲ ಒರೆಸಿದ ಮೇಲೆ ಮೈನಸ್ 4ಕ್ಕೆ ಬಂತು. ಅಲ್ಲಿಂದ 72 ಗಂಟೆ ಪರೀಕ್ಷೆ ಓಡಿಸಿದೆವು. ಒಂದು ಬಿಟ್ ಕೂಡ ತಪ್ಪಲಿಲ್ಲ.

ಮೊದಲ ಕಡಿತ ಬಂದದ್ದು ಮುಂದಿನ ಮಳೆಗಾಲದಲ್ಲಿ, ರಾತ್ರಿ 11ರ ಸುಮಾರಿಗೆ. ದೊಮ್ಮಸಂದ್ರದ ದಾರಿ ಹೋಯಿತು, ರೌಟರ್ ಹೊಸೂರು ರಸ್ತೆಯ ದಾರಿಗೆ ಹೊರಳಿತು. ಒಂದು ರಸೀದಿಯೂ ನಿಲ್ಲಲಿಲ್ಲ. ಆ ಸಮಾಧಾನ ಇದ್ದರೂ ಮನೆಯಲ್ಲಿ ಕೂರಲಾಗಲಿಲ್ಲ. ಉಳಿದಿರುವುದು ಒಂದೇ ದಾರಿ ಎಂದು ಗೊತ್ತಿದ್ದು ಯಾರು ಮಲಗಲಾದೀತು?

ಎಳೆಯೊಳಗೆ ಬೆಳಕು ಬಿಟ್ಟು ಕಡಿದ ಜಾಗದ ದೂರ ಅಳೆಯುವ ಓಟಿಡಿಆರ್, ಎಲೆಕ್ಟ್ರಾನಿಕ್ ಸಿಟಿಯಿಂದ 12.6 ಕಿಲೋಮೀಟರ್ ಎಂದು ತೋರಿಸಿತ್ತು. ಗಾಡಿಯ ಮೀಟರಿನಲ್ಲಿ ಅಷ್ಟು ಹೋದರೆ ಜಾಗ ದಾಟಿ ಹೋಗುತ್ತೀರಿ. ಪ್ರತಿ ಚೇಂಬರ್‌ನಲ್ಲೂ ಹತ್ತು ಹದಿನೈದು ಮೀಟರ್ ಕೇಬಲ್ ಸುತ್ತಿಟ್ಟಿರುತ್ತಾರೆ, ಆ ಸುತ್ತನ್ನೂ ಬೆಳಕು ಸುತ್ತಿ ಬರುತ್ತದೆ. ಲಿಂಕ್ ಕೊಟ್ಟವರ ತಂಡದ ಹಿರಿಯ ಸ್ಪ್ಲೈಸರ್ (ಎಳೆ ಬೆಸೆಯುವವರು) ತನ್ನ ನೋಟ್‌ಬುಕ್ಕಿನಲ್ಲಿ ಚೇಂಬರ್ ಲೆಕ್ಕ ಹಾಕಿ, ಮುತ್ತಾನಲ್ಲೂರು ದಾಟುವ ಮೊದಲೇ ಗಾಡಿ ನಿಲ್ಲಿಸಿದ್ದರು. ಪೈಪ್ ತೂರಿಸಲು ಅಡ್ಡ ಕೊರೆದ ಯಂತ್ರ ಡಕ್ಟ್ ಸಮೇತ ಕೇಬಲ್ ಹರಿದಿತ್ತು. ಗುಂಡಿಯಲ್ಲಿ ಮೊಣಕಾಲುದ್ದ ನೀರು.

ಗಾಡಿಯ ಹಿಂಬಾಗಿಲಿಗೆ ಟಾರ್ಪಾಲ್ ಕಟ್ಟಿ ಅವರು ಕೆಲಸ ಶುರು ಮಾಡಿದರು. 48 ಎಳೆಯ ಕೇಬಲ್. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣ ಹೇಳಿಕೊಳ್ಳುತ್ತಲೇ ಎಳೆ ಬಿಡಿಸುವುದು, ಹೊದಿಕೆ ಸುಲಿಯುವುದು, ಸ್ಪಿರಿಟ್‌ನಲ್ಲಿ ಒರೆಸುವುದು, ಕ್ಲೀವರ್‌ನಲ್ಲಿ ನೇರ ಕತ್ತರಿಸಿ ಯಂತ್ರದಲ್ಲಿಡುವುದು. ಸಣ್ಣ ಪರದೆಯ ಮೇಲೆ ಎರಡು ಗಾಜಿನ ತುದಿ ಹತ್ತಿರ ಬಂದು, ಒಂದು ಕಿಡಿ ಹಾರಿ, ಗೆರೆ ಒಂದಾಗುತ್ತಿತ್ತು. ಬೆಸುಗೆಯಲ್ಲಿ ಬೆಳಕಿನ ನಷ್ಟ 0.02 ಡಿಬಿ ಎಂದು ಬಂದರೆ ಮುಂದಿನದು. 0.11 ಬಂದ ಒಂದನ್ನು ಕತ್ತರಿಸಿ ಹಾಕಿ ಮತ್ತೆ ಮಾಡಿದರು.

"ಇದು ನಡೀತದಲ್ಲ ಅಣ್ಣಾ, 0.11?" ಎಂದೆ.

"ಇವತ್ತು ನಡೀತದೆ ಸಾರ್. ಇನ್ನೂ ನಾಲ್ಕು ಕಡೆ ಹಿಂಗೇ ಬಿಟ್ರೆ ಆಮೇಲೆ ಎಲ್ಲೀಂತ ಹುಡುಕ್ತೀರಿ?"

ಮಳೆಯಲ್ಲಿ ನೆನೆಯುತ್ತಾ, 125 ಮೈಕ್ರಾನ್‌ನ ಗಾಜನ್ನು ಬರಿಗೈಯಲ್ಲಿ ಹಿಡಿದು ಹೀಗೆ ಹೇಳಿದ ಆ ಮನುಷ್ಯನ ಮೇಲೆ ನನಗಿರುವ ಗೌರವ ದೊಡ್ಡದು. ಬೆಳಗಿನ ಜಾವ 3.40ಕ್ಕೆ ನಮ್ಮ ಎಳೆ ಹೊತ್ತಿತು. ಅವರು ಉಳಿದವರ ಎಳೆಗಳನ್ನು ಮುಗಿಸಿ ಚಹಾ ಕುಡಿಯುವ ಹೊತ್ತಿಗೆ ಬೆಳಕು ಹರಿದಿತ್ತು.

ಬಿಲ್ ಬಂದಾಗ, ಬಾಡಿಗೆಯಲ್ಲಿ ಕಳೆಯಬೇಕಾದ ಸ್ಥಗಿತದ ಅವಧಿ ಒಂದು ಗಂಟೆ ಕಡಿಮೆ ಇತ್ತು. ಕರಾರಿನ ಪ್ರಕಾರ ಗಡಿಯಾರ ಓಡುವುದು ದೂರು ದಾಖಲಾದ ಕ್ಷಣದಿಂದ. ಈಗ ಲಿಂಕ್ ಬಿದ್ದ ಕೂಡಲೇ ನಮ್ಮ ಅಲಾರಂ ತಾನೇ ದೂರು ಬರೆದು ಕಳಿಸುತ್ತದೆ.

ಎರಡು ವರ್ಷದ ನಂತರ ಹೊರೆ ಹೆಚ್ಚಿ ಮೊದಲ ದಾರಿಯಲ್ಲಿ 100 ಜಿ ಕೇಳಿದೆವು. ರಸ್ತೆ ಅಗೆಯಲಿಲ್ಲ, ಯಾರ ಅನುಮತಿಗೂ ಕಾಯಲಿಲ್ಲ. ಅದೇ ಎಳೆಯಲ್ಲಿ ಖಾಲಿ ಇದ್ದ ಇನ್ನೊಂದು ಚಾನೆಲ್‌ಗೆ ಎರಡೂ ತುದಿಯಲ್ಲಿ ಕಾರ್ಡ್ ಹಾಕಿದರು. ಕಾರ್ಡ್ ಬರುವುದಕ್ಕೆ ಹಿಡಿದಷ್ಟೇ ದಿನ.

ಆರು ತಿಂಗಳಿಗೊಮ್ಮೆ ಹೊಸ ಕೆಎಂಝಡ್ ತರಿಸಿ ಎರಡೂ ದಾರಿಯಲ್ಲಿ ಬೈಕ್ ಓಡಿಸುವುದನ್ನು ಬಿಟ್ಟಿಲ್ಲ. ಕಳೆದ ಸಲ ಗುಂಜೂರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಹೊಸದಾಗಿ ಸುಣ್ಣದ ಗೆರೆ ಎಳೆದು ಗೂಟ ಹೊಡೆದಿದ್ದರು, ಸರಿಯಾಗಿ ನಮ್ಮ ಡಕ್ಟ್ ಮೇಲೆ. ಅಲ್ಲೇ ನಿಂತು ಲಿಂಕ್ ಕೊಟ್ಟವರ ನಾಕ್‌ಗೆ (ನೆಟ್‌ವರ್ಕ್ ಕಾಯುವ ಕೇಂದ್ರ) ಫೋನ್ ಮಾಡಿ, ಫೋಟೋ ಮತ್ತು ಲೊಕೇಶನ್ ಕಳಿಸಿದೆ. ಮುಕ್ಕಾಲು ಗಂಟೆಯಲ್ಲಿ ಅವರ ಪೆಟ್ರೋಲಿಂಗ್ ಹುಡುಗ ಬಂದ. ಅಗೆಯುವವರ ಮೇಸ್ತ್ರಿಯನ್ನು ಹುಡುಕಿ, ಡಕ್ಟ್ ಎಷ್ಟು ಆಳದಲ್ಲಿದೆ ಎಂದು ತೋರಿಸಿ, ಗೆರೆಯನ್ನು ಒಂದೂವರೆ ಮೀಟರ್ ಆಚೆಗೆ ಹಾಕಿಸಿದ. ಅವನು ಗೂಟ ಕಿತ್ತು ಬೇರೆ ಕಡೆ ಹೊಡೆಯುವವರೆಗೂ ನಾನು ಅಲ್ಲೇ ನಿಂತಿದ್ದೆ.