ಗುಜರಿಯ ಬಾಣಲೆ, ಕ್ರಿಸ್ಮಸ್ ರಜೆಯ ಕಲ್ತಪ್ಪ

ನಮ್ಮ ಮನೇಲಿ ಕ್ರಿಸ್ಮಸ್ ಇಲ್ಲ, ಆದ್ರೆ ಕ್ರಿಸ್ಮಸ್ ರಜೆ ಉಂಟು. ಕೇರಳದ ಶಾಲೆಗಳಿಗೆ ಹತ್ತು ದಿನ ರಜೆ ಸಿಕ್ಕಿದ್ದೇ ತಡ ಅಕ್ಕನ ಮಕ್ಕಳು ತಂಗಿ ಮಕ್ಕಳು ಎಲ್ಲಾ ಕಾಸರಗೋಡಿನ ಬದಿಯಡ್ಕಕ್ಕೆ ಬಂದು ಬೀಳ್ತಾರೆ, ಬಂದವ್ರಿಗೆ ಕಲ್ತಪ್ಪ, ಅಂದ್ರೆ ಅಕ್ಕಿ ಬೆಲ್ಲದ ದಪ್ಪ ಅಪ್ಪ, ಆಗ್ಲೇಬೇಕು. ಶುರು ಮಾಡಿದ್ದು ನಮ್ಮತ್ತೆ. ಅವರು ಅದನ್ನು ಕಲಿತದ್ದು ನೆರೆಯ ಮಾಪಿಳ್ಳೆಯವರ ಮನೆಯಿಂದ, ಕಲಿತು ಬಂದು ನೀರುಳ್ಳಿ ಮಾತ್ರ ಬಿಟ್ಟದ್ದು. ಒಲೆ ಮೇಲೆ ಪಾತ್ರೆ, ಮುಚ್ಚಳದ ಮೇಲೆ ತೆಂಗಿನ ಗೆರಟೆ ಕೆಂಡ. ಕೆಳಗೂ ಶಾಖ ಮೇಲೂ ಶಾಖ, ಒವನ್ ಅಂದ್ರೆ ಮತ್ತೆಂತ ಮಾರಾಯ್ರೆ?

ಅತ್ತೆ ಹೋದ ಮೇಲೆ ಆ ಪಾತ್ರೆ ಪಾಲಿನಲ್ಲಿ ಯಾರ ಮನೆಗೆ ಹೋಯ್ತೋ, ಕೇಳಿದ್ರೆ ಜಗಳ. ನಾನು ಕುಕ್ಕರಲ್ಲಿ ಮಾಡಿದೆ, ನಾನ್‌ಸ್ಟಿಕ್‌ನಲ್ಲಿ ಮಾಡಿದೆ, ಒಂದೋ ಅಡಿ ಕರಟುದು ಇಲ್ಲಾ ನಡು ಹಸಿ. ಮಕ್ಕಳು ಪಾಪ ಅಂಚು ಮಾತ್ರ ಮುರಿದು ತಿಂದು ಎದ್ದು ಹೋಗ್ತಿದ್ರು.

ಕಳೆದ ವರ್ಷ ಹಳೇ ಪೇಪರ್ ಕೊಡ್ಲಿಕ್ಕೆ ಸೀತಾಂಗೋಳಿ ದಾರಿಯ ಗುಜರಿ ಅಂಗಡಿಗೆ ಹೋದವಳಿಗೆ ತುಕ್ಕು ಹಿಡಿದ ಸೈಕಲ್ ರಿಮ್‌ಗಳ ಅಡಿಯಲ್ಲಿ ಒಂದು ಬೀಡಿನ (ಎರಕದ ಕಬ್ಬಿಣದ) ಬಾಣಲೆ ಕಂಡಿತು, ಆಳದ್ದು, ಅಡಿ ದಪ್ಪ, ಎರಡು ಕಿವಿ. ಅಂಗಡಿಯ ಕಾಕ ತೂಕಕ್ಕೆ ಹಾಕಿ "ಇನ್ನೂರು ಕೊಡಿ ಅಕ್ಕ" ಅಂದ್ರು, ನನ್ನ ಪೇಪರ್ ದುಡ್ಡು ಕಳೆದು ನೂರಾ ಹತ್ತು ಕೊಟ್ಟೆ. ಆ ಖುಷಿ ಹೊಸ ಮಿಕ್ಸಿ ತಂದಾಗ್ಲೂ ಆಗಿರ್ಲಿಲ್ಲ. ಬೀಡಿನದ್ದು ತಗೊಳ್ಳುವಾಗ ಬೆರಳಿನ ಗೆಣ್ಣಿನಲ್ಲಿ ಬಡಿದು ನೋಡಿ, ಗಂಟೆ ಹಾಗೆ ನಾದ ಬಂದ್ರೆ ಸರಿ, ಮೊಂಡು ಶಬ್ದ ಬಂದ್ರೆ ಎಲ್ಲೋ ಬಿರುಕು ಉಂಟು. ಗ್ಯಾರೇಜ್ ಎಣ್ಣೆಯ ವಾಸನೆ ಇರುವುದನ್ನು, ಬೆಸುಗೆ ಹಾಕಿದ್ದನ್ನು ಮುಟ್ಲೇಬೇಡಿ, ಹಳೇ ಬೆಸುಗೆಯಲ್ಲಿ ಸೀಸ ಇರ್ತದೆ.

ತುಕ್ಕಿಗೆ ವಿನೆಗರ್ ಒಂದು ಪಾಲು ನೀರು ಒಂದು ಪಾಲು, ಅರ್ಧ ಗಂಟೆ ಮಾತ್ರ, ರಾತ್ರಿಯಿಡೀ ಬಿಟ್ರೆ ಕಬ್ಬಿಣವನ್ನೇ ತಿಂತದೆ. ಮತ್ತೆ ತೆಂಗಿನ ನಾರು, ಬೂದಿ, ರಟ್ಟೆ ಬಿದ್ದುಹೋಗುವಷ್ಟು ತಿಕ್ಕಿದೆ. ಆಮೇಲೆ ಮಾಡಿದ ತಪ್ಪು ಹೇಳ್ತೇನೆ. ಮನೇಲಿ ಬೇಕಾದಷ್ಟು ಉಂಟಲ್ಲ ಅಂತ ತೆಂಗಿನೆಣ್ಣೆ ಸವರಿ ಕಾಯಿಸಿದೆ, ಎರಡು ಸಲ, ಮೂರು ಸಲ, ಪದರ ಕಟ್ಟಲೇ ಇಲ್ಲ, ಅಂಟಂಟು, ಒಂದು ವಾರಕ್ಕೆ ಕಮಟು ವಾಸನೆ. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದ್ದಲ್ಲ. ಪುನಃ ತಿಕ್ಕಿ ಎಳ್ಳೆಣ್ಣೆ ಸವರಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಇನ್ನು ಎಣ್ಣೆಯೇ ಇಲ್ಲ ಅನ್ನಿಸುವಷ್ಟು ಒರೆಸಿ, ಹೊಗೆ ಬರುವವರೆಗೆ ಕಾಯಿಸಿದೆ. ನಾಲ್ಕನೇ ಸಲಕ್ಕೆ ಕಪ್ಪು ಹೊಳಪು ಬಂತು.

ತಿಕ್ಕುವಾಗ ಒಂದು ಕಿವಿಯ ಕೆಳಗೆ ಉಳಿಯಲ್ಲಿ ಕೊರೆದ ಎರಡು ಮಲಯಾಳ ಅಕ್ಷರ ಕಂಡಿತು, ಪಕ್ಕದಲ್ಲಿ 14-4-71. ನನಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ ಓದ್ಲಿಕ್ಕೆ ತಡವರಿಕೆ, ಮಗನೇ ಓದಿ ಹೇಳಿದ್ದು, "ಕು. ಮಾ. ಅಂತ ಉಂಟಮ್ಮ." ಕುಂಞಮ್ಮನೋ ಕುಮಾರನೋ, ಯಾರಿಗೊತ್ತು. ಏಪ್ರಿಲ್ 14 ಅಂದ್ರೆ ವಿಷು ಹೊತ್ತಿಗೆ, ಹಬ್ಬಕ್ಕೆ ಕೊಂಡದ್ದಿರಬೇಕು.

ಈಗ ಕಲ್ತಪ್ಪ. ಎರಡು ಕಪ್ ಬೆಳ್ತಿಗೆ ಅಕ್ಕಿ (ಕುಚ್ಚಲು ಅಲ್ಲ) ನಾಲ್ಕು ಗಂಟೆ ನೆನೆಸಿ ಎರಡು ಚಮಚ ಅನ್ನ ಹಾಕಿ ನುಣ್ಣಗೆ ರುಬ್ಬುದು, 300 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಪಾಕ ಬಿಸಿ ಬಿಸಿ ಇರುವಾಗಲೇ ಹಿಟ್ಟಿಗೆ ಸುರಿದು ಕೈಬಿಡದೆ ಕಲಸುದು. ಒಳಗೆ ಜೇನುಗೂಡಿನ ಹಾಗೆ ತೂತು ಬರುದು ಈ ಬಿಸಿ ಪಾಕದಿಂದ, ತಣ್ಣಗಾದ್ರೆ ಇಟ್ಟಿಗೆ. ನೀರುದೋಸೆಗಿಂತ ಚೂರು ದಪ್ಪ ಇರ್ಲಿ. ಏಲಕ್ಕಿ, ಉಪ್ಪು, ಚಿಟಿಕೆ ಸೋಡಾ. ಬಾಣಲೆಯಲ್ಲಿ ತೆಂಗಿನೆಣ್ಣೆ ಚೆನ್ನಾಗಿ ಕಾದ ಮೇಲೆ ಕಾಯಿ ಚೂರು ಕೆಂಪಗೆ ಹುರಿದು (ನಾನು ಸಣ್ಣ ನೀರುಳ್ಳಿ ಹಾಕ್ತೇನೆ, ಅತ್ತೆ ಕ್ಷಮಿಸ್ಲಿ) ಅದರ ಮೇಲೇ ಹಿಟ್ಟು ಹೊಯ್ದಾಗ ಸುಂಯ್ ಅಂತ ಶಬ್ದ ಬರ್ಬೇಕು. ಎರಡು ನಿಮಿಷ ಜೋರು ಉರಿ, ಆಮೇಲೆ ಆದಷ್ಟು ಸಣ್ಣ, ಮುಚ್ಚಳದ ಮೇಲೆ ಕೆಂಡ, ಅರ್ಧ ಗಂಟೆ ಬಗ್ಗಿ ನೋಡ್ಬೇಡಿ.

ಕವುಚಿ ಹಾಕಿದಾಗ ಇಡೀ ತಟ್ಟೆಗೆ ಬಂತು. ಒಂದು ಚೂರೂ ಅಂಟಿರ್ಲಿಲ್ಲ. ಅತ್ತೆಯ ಹಿರಿ ಮಗಳು ದೊಡ್ಡಕ್ಕ ಒಂದು ತುಂಡು ಬಾಯಿಗೆ ಹಾಕಿ "ಅಮ್ಮನದ್ದೇ" ಅಂದ್ಲು, ಮತ್ತೆ "ನೀರುಳ್ಳಿ ಯಾಕೆ?" ಅಂದ್ಲು.

ಅದೇ ಕಾಕನಲ್ಲಿ ಮತ್ತೊಂದು ಸಲ ನಡುವೆ ತೂತಿನ ಅಲ್ಯೂಮಿನಿಯಂ ಅಚ್ಚು ಸಿಕ್ಕಿತು, ಪ್ಲಮ್ ಕೇಕ್ ಅದ್ರಲ್ಲಿ. 1883ರಲ್ಲಿ ತಲಶ್ಶೇರಿಯ ಬೇಕರಿಯ ಮಂಬಳ್ಳಿ ಬಾಪು ತೋಟದ ಬ್ರೌನ್ ಸಾಹೇಬನಿಗೆ ಕ್ರಿಸ್ಮಸ್ ಕೇಕ್ ಮಾಡ್ಲಿಕ್ಕೆ ಧರ್ಮಡಂನ ಕಮ್ಮಾರನಲ್ಲಿ ಅಚ್ಚು ಮಾಡಿಸಿದ್ರು ಅಂತಾರೆ, ನನ್ನದು ಅಷ್ಟು ಕೂಡ ಖರ್ಚಿಲ್ಲ, 60 ರೂಪಾಯಿ.

ಮೊನ್ನೆ ಅಚ್ಚಪ್ಪ (ರೋಸ್ ಕುಕೀಸ್) ಮಾಡುವ ಹೂವಿನ ಅಚ್ಚು ಒಂದು ಸಿಕ್ಕಿದೆ, ಹಿಡಿ ಇಲ್ಲ. ಹಿಡಿ ಬಂದ್ರೆ ತೆಗೆದಿಡಿ ಅಂತ ಕಾಕನಿಗೆ ಹೇಳಿ ಬಂದಿದ್ದೇನೆ.